ವೆಬ್‌ಸೈಟ್ ಇದ್ದರೂ ಫೋನ್ ನಿಲ್ಲುತ್ತಿಲ್ಲ!

ಪ್ರಶ್ನೆ: ಗಾಂಧಿ ಬಜಾರ್ ಹತ್ತಿರ ನಮ್ಮದು ಗ್ರಂಥಿಗೆ ಅಂಗಡಿ. ಮಗ ಹಟ ಹಿಡಿದು ವೆಬ್‌ಸೈಟ್ ಮಾಡಿಸಿದ. ನೋಡೋಕೆ ಚೆನ್ನಾಗಿದೆ. ಆದರೂ ಜನ 'ಭಾನುವಾರ ತೆಗೆದಿರುತ್ತಾ? ಎಲ್ಲಿ ಬರುತ್ತೆ?' ಅಂತ ಫೋನ್ ಮಾಡುತ್ತಲೇ ಇರುತ್ತಾರೆ. ಏನು ಸರಿಮಾಡಬೇಕು?
– ಓದುಗರು, ಬಸವನಗುಡಿ

ಉತ್ತರ: ನಿಮ್ಮ ಸೈಟನ್ನು ಫೋನಿನಲ್ಲೇ ತೆರೆದು ನೋಡಿದೆ ಸ್ವಾಮಿ. ಮೊದಲು ದೊಡ್ಡ ಗಣಪತಿ ಬಂದ. ಅವನು ಪಕ್ಕಕ್ಕೆ ಸರಿದ ಮೇಲೆ ದೀಪ, ಆಮೇಲೆ 'ಸುಸ್ವಾಗತ'. ವೇಳೆ, ವಿಳಾಸ ಎರಡೂ ಪುಟದ ತಳದಲ್ಲಿವೆ. ನಂಬರ್ ಒತ್ತಿದರೆ ಕರೆ ಹೋಗುವುದಿಲ್ಲ, ಯಾಕಂದರೆ ಅದು ಚಿತ್ರದೊಳಗೆ ಕೂತಿದೆ.

ಅರಿಶಿನ ಕೇಳಿ ಬಂದವರಿಗೆ ನೀವು ಮೊದಲು ತಾತನ ಕಾಲದ ಕತೆ ಹೇಳಲ್ಲ, ಅಲ್ವಾ? ವೇಳೆ, ವಿಳಾಸ, ಒತ್ತಿದರೆ ಕರೆ ಹೋಗುವ ನಂಬರ್, ಮ್ಯಾಪ್ ಇವೆಲ್ಲ ಪುಟ ತೆರೆದ ತಕ್ಷಣ ಕಾಣಬೇಕು. ಸರಿಯುವ ಚಿತ್ರಗಳನ್ನು ಸುಮ್ನೆ ತೆಗೆದುಹಾಕಿ. ಅವು ಮಾಡಿಸಿದವರಿಗೆ ಖುಷಿ, ನೋಡುವವರಿಗೆ ಕಾಯುವ ಕೆಲಸ.

ತಳದ ಅಕ್ಷರ ಬಿಳಿ ಮೇಲೆ ತೆಳು ಬೂದು. ಡಿಸೈನ್ ಮಾಡುವವರು ನೆರಳಲ್ಲಿ, ದೊಡ್ಡ ಪರದೆ ಮುಂದೆ ಕೂತಿರುತ್ತಾರೆ. ನಿಮ್ಮ ಗಿರಾಕಿ ಮಧ್ಯಾಹ್ನದ ಬಿಸಿಲಲ್ಲಿ, ಒಂದು ಕೈಯಲ್ಲಿ ಚೀಲ ಹಿಡಿದು ಓದಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ವ್ಯತ್ಯಾಸ, ಇರಲಿ ಅನ್ನುತ್ತದೆ ವೆಬ್‌ಗೆ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾರ್ಗಸೂಚಿ. ಇದನ್ನು ಅಳೆಯುವ ಪುಕ್ಕಟೆ ಸಾಧನಗಳು ಇಂಟರ್‌ನೆಟ್ಟಿನಲ್ಲೇ ಸಿಗುತ್ತವೆ.

ನನಗೆ ಜಾಸ್ತಿ ಬೇಜಾರಾಗಿದ್ದು ನಿಮ್ಮ ಕನ್ನಡದ ಪುಟ ನೋಡಿ. ವ್ರತದ ಸಾಮಾನಿನ ಪಟ್ಟಿ ಎಷ್ಟು ಉಪಯೋಗದ್ದು! ಆದರೆ ಅದನ್ನು ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಆ ಫಾಂಟ್ ಇಲ್ಲದ ನನ್ನ ಫೋನಿನಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿವೆ. ಗೂಗಲ್‌ನಲ್ಲಿ 'ವರಮಹಾಲಕ್ಷ್ಮಿ ವ್ರತದ ಸಾಮಾನು' ಅಂತ ಹುಡುಕುವವರಿಗೂ ಅದು ಸಿಗುವುದಿಲ್ಲ. ಯೂನಿಕೋಡ್‌ಗೆ ಬದಲಿಸಿ. ಸಾಲುಗಳ ನಡುವೆ ಜಾಗವನ್ನೂ ಬಿಡಿಸಿ. ಇಂಗ್ಲಿಷಿಗೆ ಸಾಕಾಗುವ ಅಂತರ ನಮಗೆ ಸಾಲದು. ಶೀರ್ಷಿಕೆಯಲ್ಲಿ 'ಲಕ್ಷ್ಮಿ'ಯ ಒತ್ತು ಕೆಳಗಿನ ಸಾಲಿಗೆ ತಾಗುತ್ತಿದೆ, ನೋಡಿ.

ಇಷ್ಟಾದ ಮೇಲೆ ಪಕ್ಕದ ಹೂವಿನವರ ಕೈಗೆ ಫೋನ್ ಕೊಟ್ಟು, 'ಭಾನುವಾರ ತೆಗೆದಿರುತ್ತಾ ನೋಡಿ' ಅನ್ನಿ. ಆಮೇಲೆ ಬಾಯಿ ಬಿಡಬೇಡಿ. ಅವರ ಬೆರಳು ಎಲ್ಲಿ ತಡವರಿಸುತ್ತೋ ಅಲ್ಲಿ ರಿಪೇರಿ. ಐದು ಜನರ ಹತ್ತಿರ ನೋಡಿಸಿದರೆ ಬಹುಪಾಲು ತೊಂದರೆ ಗೊತ್ತಾಗುತ್ತವೆ ಅಂತ ಈ ವಿಷಯದ ಪರಿಣತ ಜೇಕಬ್ ನೀಲ್ಸನ್ 2000ರಲ್ಲೇ ಬರೆದಿದ್ದರು.

ಇನ್ನೊಂದು. ಗೌರಿ ಹಬ್ಬದ ಹಿಂದಿನ ರಾತ್ರಿ ಎಷ್ಟರ ತನಕ ತೆಗೆದಿರುತ್ತೆ ಅನ್ನೋದನ್ನು ನೀವೇ ಬದಲಿಸುವಂತಿರಬೇಕು. ಸೈಟ್ ಮಾಡಿಕೊಟ್ಟವರಿಂದ ಪಾಸ್‌ವರ್ಡ್ ಇಸ್ಕೊಳ್ಳಿ.