ಆ ಅಡ್ಡಕಡ್ಡಿ ಇರೋದು ಏಣಿಗೆ

ಚಿತ್ರದುರ್ಗದ ದೊಡ್ಡಪೇಟೆಯಿಂದ ಬರೆದಿರೋ ಓದುಗರಿಗೆ ನಮಸ್ಕಾರ.

ನಿಮ್ಮ ಗಲ್ಲಿ ತಿರುವಲ್ಲಿರೋ ಹಳೇ ದೀಪದ ಕಂಬಾನ ಚರಂಡಿ ಕೆಲಸಕ್ಕೆ ಅಂತ ಕೀಳ್ತಾರಂತೆ, ಗುಜರಿಯವರು ಆಗ್ಲೇ ಬಂದು ನೋಡ್ಕೊಂಡು ಹೋದ್ರಂತೆ, 1905ರ ಕರೆಂಟ್ ಕಂಬ ಸಾರ್ ಇದು, ಉಳಿಸ್ಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ಓದಿ ಹೊಟ್ಟೆ ಉರೀತು.

1905 ಬೆಂಗಳೂರಿನ ಲೆಕ್ಕ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, ಮೂರು ವರ್ಷ ಆದ್ಮೇಲೆ ಬೆಂಗಳೂರಿನ ಬೀದಿಗೆ ಬಂತು, ಆ ವರ್ಷಾನ ದುರ್ಗಕ್ಕೆ ಅಂಟಿಸೋದು ಬೇಡ. ಆದ್ರೆ ಫೋಟೋ ನೋಡಿದ್ರೆ ನಿಮ್ಮ ಕಂಬದ ಮಾದರಿ ಕರೆಂಟಿಗಿಂತ ಹಳೇದು. ದೀಪದ ಗೂಡಿನ ಕೆಳಗೆ ಗೇಣುದ್ದ ಚಾಚ್ಕೊಂಡಿರೋ ಅಡ್ಡಕಡ್ಡಿ ಇದೆಯಲ್ಲ, ನೀವು ಡಿಸೈನ್ ಅಂದ್ಕೊಂಡಿದ್ದು, ಅದು ಏಣಿ ಒರಗಿಸೋಕೆ. ದೀಪ ಹಚ್ಚೋನು ಹೊತ್ತು ಮುಳುಗೋ ಮೊದಲು ಏಣಿ ಹೆಗಲ ಮೇಲೆ ಹೊತ್ಕೊಂಡು ಬಂದು, ಹತ್ತಿ, ಗಾಜಿನ ಮಸಿ ಒರೆಸಿ, ಬತ್ತಿ ಕತ್ತರಿಸಿ, ಸೀಮೆಎಣ್ಣೆ ಹುಯ್ದು, ಹಚ್ಚಿ ಇಳಿದು ಮುಂದಿನ ಕಂಬಕ್ಕೆ ಹೋಗ್ಬೇಕಿತ್ತು. ಬಲ್ಬ್ ಬದಲಾಯಿಸೋಕೆ ಬೇಕು ಅಂತ ಆಮೇಲಿನ ಕಂಬಗಳಲ್ಲೂ ಅದನ್ನ ಇಟ್ಟಿದ್ದುಂಟು, ಹಂಗಾಗಿ ಕಡ್ಡಿ ಒಂದನ್ನೇ ನೋಡಿ ವರ್ಷ ಹೇಳೋಕಾಗಲ್ಲ, ಬುಡದಲ್ಲಿ ಎರಕದವರ ಅಕ್ಷರ ಏನಾದ್ರೂ ಇದೆಯಾ ನೋಡ್ಬೇಕು. ಕ್ರೊಯೇಷಿಯಾದ ಜಾಗ್ರೆಬ್ ಊರಿಗೆ ಗ್ಯಾಸ್ ದೀಪ ಬಂದಿದ್ದು 1863ರಲ್ಲಿ, ಅಲ್ಲಿನ ಹಳೇ ಪೇಟೇಲಿ ಇನ್ನೂರಕ್ಕೂ ಹೆಚ್ಚು ಕಂಬಗಳನ್ನ ಈಗಲೂ ಕೈಯಲ್ಲೇ ಹಚ್ತಾರೆ. ನಮ್ಮ ಕೋಟೇಲಿ ಎಣ್ಣೆಕೊಳ ಇದೆ ಅಂತ ಬಂದವರಿಗೆಲ್ಲ ತೋರಿಸೋ ನಾವು ಬೀದೀಲಿರೋ ಒಂದು ಕಂಬ ಉಳಿಸ್ಕೊಳ್ಳಲ್ವಾ?

ಈಗ ಅವಸರದ ಮಾತು. ಆ ಕಂಬ ಬೀಡಿಂದು, ಅಂದ್ರೆ ಎರಕದ ಕಬ್ಬಿಣದ್ದು. ಬೀಡು ಬಗ್ಗಲ್ಲ, ಒಡೆಯುತ್ತೆ. ಜೆಸಿಬಿ ಒಂದ್ಸಲ ತಳ್ಳಿದ್ರೆ ಸೀಳು ಬಿಡುತ್ತೆ, ಬೀದಿ ವೆಲ್ಡಿಂಗ್ ಅಂಗಡೀಲಿ ಅದು ನೆಟ್ಟಗೆ ಕೂಡಲ್ಲ, ಬೆಸುಗೆ ಪಕ್ಕದಲ್ಲೇ ಮತ್ತೆ ಬಿರುಕು. ತೆಗೆಯಲೇಬೇಕು ಅಂದ್ರೆ ಬುಡ ಸುತ್ತ ಕೈಯಿಂದ ಅಗೆಸಿ, ಗೋಣಿಚೀಲ ಸುತ್ತಿ ಹಗ್ಗ ಹಾಕಿ, ಮರಳಿನ ಮೇಲೆ ಮೆಲ್ಲಗೆ ಮಲಗಿಸ್ಬೇಕು. ನಗರಸಭೆಗೆ ಅರ್ಜಿ ಕೊಡುವಾಗ ಇದನ್ನೇ ಬರೀರಿ, ಫೋಟೋ ಲಗತ್ತಿಸಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.

ಎಲ್‌ಇಡಿ ಹಾಕಬಹುದಾ ಅಂದ್ರಿ. ಧಾರಾಳವಾಗಿ ಹಾಕಿ, ಆದ್ರೆ 6500 ಕೆಲ್ವಿನ್‌ನ ಆಸ್ಪತ್ರೆ ಬಿಳುಪು ಬೇಡ, ಡಬ್ಬಿ ಮೇಲೆ 2700 ಅಂತ ಇರೋದು ತನ್ನಿ, ಹಳದಿ ಬೆಳಕು ಬರುತ್ತೆ. ಕಬ್ಬಿಣದ ಕಂಬ, ಮಳೇಲಿ ಮಕ್ಕಳು ಮುಟ್ತಾರೆ, ಅರ್ಥಿಂಗ್ ಮಾತ್ರ ಮರೀಬೇಡಿ.

ಭಾನುವಾರ ಬೆಳಗ್ಗೆ ನಾನೇ ಬರ್ತೀನಿ. ಅಲ್ಲೀವರೆಗೂ ಬುಡಕ್ಕೆ ಯಾರೂ ಪೇಂಟ್ ಬಳೀದಂಗೆ ನೋಡ್ಕೊಳ್ಳಿ.

– ಸಂಪಾದಕ