ವೈಬ್ರೇಶನ್ ಮೀಟರ್ ಇದ್ದರೂ ಬೇರಿಂಗ್ ಹೇಳದೆ ಕೇಳದೆ ಹೋಗುತ್ತಿದೆ, ಅಲ್ಟ್ರಾಸೌಂಡ್ ಉಪಕರಣ ಕೊಳ್ಳಬೇಕಾ?

ಕೊಳ್ಳಿ. ಆದರೆ ಮೊದಲು ನಿಮ್ಮ ಮೀಟರ್ ಯಾಕೆ ಸುಮ್ಮನಿತ್ತು ಅಂತ ನೋಡೋಣ. ಪೆನ್ನಿನ ಥರ ಇರುವ ಸಣ್ಣ ವೈಬ್ರೇಶನ್ ಮೀಟರುಗಳು ವೆಲಾಸಿಟಿಯನ್ನು, ಅಂದರೆ ಅದುರುವ ವೇಗವನ್ನು, ಹೆಚ್ಚಾಗಿ 10ರಿಂದ 1,000 ಹರ್ಟ್ಸ್ ಒಳಗೆ ಅಳೆಯುತ್ತವೆ. ಬ್ಯಾಲೆನ್ಸ್ ತಪ್ಪಿದ್ದು, ಅಲೈನ್‌ಮೆಂಟ್ ತಪ್ಪಿದ್ದು, ಬೋಲ್ಟ್ ಸಡಿಲವಾಗಿದ್ದು ಅದರಲ್ಲಿ ಚೆನ್ನಾಗಿ ಸಿಗುತ್ತದೆ. ಬೇರಿಂಗ್ ಕೆಡಲು ಶುರುವಾದಾಗ ಏಳುವ ಸದ್ದು ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಮೀಟರ್ ಏರುವ ಹೊತ್ತಿಗೆ ಬೇರಿಂಗ್ ಕಥೆ ಬಹುಪಾಲು ಮುಗಿದಿರುತ್ತದೆ.

ಹಳೇ ಫಿಟ್ಟರುಗಳು ಸ್ಕ್ರೂಡ್ರೈವರ್ ತುದಿಯನ್ನು ಹೌಸಿಂಗಿಗೆ (ಬೇರಿಂಗ್ ಕೂತಿರುವ ಹೊರ ಕವಚಕ್ಕೆ) ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದನ್ನು ನೀವೂ ನೋಡಿರುತ್ತೀರಿ. ಅಲ್ಟ್ರಾಸೌಂಡ್ ಉಪಕರಣದ್ದೂ ಅದೇ ಕೆಲಸ, ಕಿವಿಗೆ ಎಟುಕದ ಸದ್ದಿನಲ್ಲಿ. ನಮ್ಮ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್ ತನಕ ಕೇಳುತ್ತದೆ. ಈ ಉಪಕರಣ ಸಾಮಾನ್ಯವಾಗಿ 30ರಿಂದ 40 ಕಿಲೋಹರ್ಟ್ಸ್ ಆಸುಪಾಸಿನ ಸದ್ದು ಹಿಡಿದು, ಹೆಡ್‌ಫೋನಿನಲ್ಲಿ ಕೇಳುವ ಹಾಗೆ ಇಳಿಸಿ ಕೊಡುತ್ತದೆ. ಡೆಸಿಬೆಲ್ಲಿನಲ್ಲಿ ಲೆಕ್ಕವನ್ನೂ ತೋರಿಸುತ್ತದೆ.

ಆದರೆ ಒಂದು ಸಲ ಅಳೆದು ಬಂದ ನಂಬರಿನಿಂದ ಜಾಸ್ತಿ ಉಪಯೋಗವಿಲ್ಲ. ಬೇರಿಂಗ್ ಚೆನ್ನಾಗಿದ್ದಾಗ ಎಷ್ಟಿತ್ತು ಅನ್ನುವುದು ನಿಮ್ಮ ಪುಸ್ತಕದಲ್ಲಿರಬೇಕು. ಅದೇ ಬೇಸ್‌ಲೈನ್. ಅದಕ್ಕಿಂತ 8 ಡೆಸಿಬೆಲ್ ಏರಿದರೆ ಗ್ರೀಸ್ ಬೇಕು, 16 ದಾಟಿದರೆ ಬೇರಿಂಗಿಗೆ ಪೆಟ್ಟು ಬಿದ್ದಿದೆ ಅನ್ನುವುದು ಈ ಕೆಲಸದಲ್ಲಿರುವವರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಪ್ರತಿ ಸಲವೂ ಅದೇ ಜಾಗ, ಅದೇ ಲೋಡ್, ಅದೇ ಸ್ಪೀಡ್ ಇರಬೇಕು. ಹೌಸಿಂಗ್ ಮೇಲೆ ಪೇಂಟಿನಲ್ಲಿ ಒಂದು ಚುಕ್ಕೆ ಇಡಿ, ಯಾವ ಶಿಫ್ಟಿನವರು ಬಂದರೂ ಪ್ರೋಬ್ (ಉಪಕರಣದ ತಾಗಿಸುವ ಕಡ್ಡಿ) ಅಲ್ಲೇ ಇಡುತ್ತಾರೆ. ತೀರಾ ನಿಧಾನ ತಿರುಗುವ ಮೆಷಿನ್ನುಗಳಲ್ಲಿ ಮಾತ್ರ ನಂಬರ್ ಬಿಟ್ಟು ಹೆಡ್‌ಫೋನ್ ನಂಬಿ. ಚಟಚಟ ಸದ್ದು ಕೇಳಿಸಿದರೆ ಅನುಮಾನ ಪಡಿ.

ಇನ್ನು ಗ್ರೀಸ್. ನನ್ನ ಮಟ್ಟಿಗೆ ಈ ಉಪಕರಣದ ನಿಜವಾದ ಬೆಲೆ ಇರುವುದು ಇಲ್ಲೇ. ತಿಂಗಳಿಗೊಮ್ಮೆ ಕ್ಯಾಲೆಂಡರ್ ನೋಡಿ ಗ್ರೀಸ್ ಗನ್ನಿನಲ್ಲಿ ನಾಲ್ಕು ಪಂಪ್ ಹೊಡೆಯುವ ಅಭ್ಯಾಸ ಎಷ್ಟೋ ಕಡೆ ಇದೆ. ಒಳಗೆ ಎಷ್ಟು ಗ್ರೀಸ್ ಇದೆ ಅಂತ ಯಾರಿಗೆ ಗೊತ್ತು? ಕಮ್ಮಿಯಾದರೂ ಬೇರಿಂಗ್ ಕೆಡುತ್ತದೆ, ಜಾಸ್ತಿಯಾದರೂ ಕೆಡುತ್ತದೆ. ಜಾಸ್ತಿ ತುಂಬಿದ್ದು ಒಳಗೇ ತಿರುಗಿ ತಿರುಗಿ ಬಿಸಿಯಾಗುತ್ತದೆ, ಸೀಲನ್ನು ಹೊರಗೆ ತಳ್ಳುತ್ತದೆ, ಮೋಟಾರಾದರೆ ಒಳಗಿನ ತಂತಿ ಸುತ್ತು, ಅಂದರೆ ವೈಂಡಿಂಗ್ ತನಕ ಹೋಗಬಹುದು. ಬದಲಿಗೆ ಪ್ರೋಬ್ ಇಟ್ಟುಕೊಂಡೇ ಒಂದೊಂದು ಪಂಪ್ ಹೊಡೆದು ಸ್ವಲ್ಪ ಕಾಯಿರಿ. ಡೆಸಿಬೆಲ್ ಇಳಿಯುತ್ತಾ ಬೇಸ್‌ಲೈನ್ ಹತ್ತಿರ ಬಂದಾಗ ನಿಲ್ಲಿಸಿ. ಮತ್ತೆ ಏರತೊಡಗಿದರೆ ಜಾಸ್ತಿಯಾಯಿತು ಅಂತಲೇ. ಗ್ರೀಸ್ ಹಾಕಿದರೂ ಇಳಿಯಲಿಲ್ಲ, ಅಥವಾ ಇಳಿದದ್ದು ಬೇಗನೆ ಮತ್ತೆ ಏರಿತು ಅಂದರೆ ಹೊಸ ಬೇರಿಂಗ್ ತರಿಸಿಟ್ಟುಕೊಳ್ಳಿ. ಅವಸರದಲ್ಲಿ ರಾತ್ರೋರಾತ್ರಿ ಬಿಚ್ಚುವ ಬದಲು ಮುಂದಿನ ರಜೆಯ ದಿನ ನಿಧಾನವಾಗಿ ಹಾಕಬಹುದು. ದಯವಿಟ್ಟು ಯಾರೂ ಗಾರ್ಡ್ (ತಿರುಗುವ ಭಾಗ ತಾಗದಂತೆ ಹಾಕಿದ ಮುಚ್ಚಳ) ತೆಗೆದು ಪ್ರೋಬ್ ಇಡಬೇಡಿ. ಕೈ ಎಟುಕದ ಕಡೆ ಸೆನ್ಸರ್ ಕೂರಿಸಿ, ವೈರ್ ಹೊರಗೆ ತನ್ನಿ.

ಮಾಲೀಕರು ಇಷ್ಟಕ್ಕೆಲ್ಲ ದುಡ್ಡು ಯಾಕೆ ಅಂತ ಕೇಳೇ ಕೇಳುತ್ತಾರೆ, ಅಲ್ವಾ? ಅವರನ್ನು ಕಂಪ್ರೆಸರಿನ ಗಾಳಿ ಲೈನಿಗೆ ಕರೆದುಕೊಂಡು ಹೋಗಿ, ಗಾಳಿ ಲೀಕನ್ನೂ ಇದೇ ಉಪಕರಣ ಹಿಡಿಯುತ್ತದೆ. 7 ಬಾರ್ ಒತ್ತಡದಲ್ಲಿ ಬರೀ 3 ಮಿಲಿಮೀಟರ್ ತೂತು ಸುಮಾರು 3ರಿಂದ 4 ಕಿಲೋವ್ಯಾಟ್ ಕರೆಂಟ್ ತಿನ್ನುತ್ತದೆ. ಹಗಲು ರಾತ್ರಿ ಓಡುವ ಕಡೆ ತಿಂಗಳಿಗೆ 2,000 ಯೂನಿಟ್ ದಾಟುತ್ತದೆ. ಗಾಳಿ ಲೀಕಿನ ಅಲ್ಟ್ರಾಸೌಂಡ್ ಸದ್ದು ನೇರವಾಗಿ ಸಾಗುತ್ತದೆ, ದೂರ ಹೋದಂತೆ ಬೇಗ ಕುಗ್ಗುತ್ತದೆ. ಹಾಗಾಗಿ ಪಕ್ಕದಲ್ಲಿ ಮೆಷಿನ್ ಗದ್ದಲ ಮಾಡುತ್ತಿದ್ದರೂ ಯಾವ ಕಪ್ಲಿಂಗ್, ಯಾವ ಹೋಸ್ ಅಂತ ಬೆರಳಿಟ್ಟು ತೋರಿಸಬಹುದು. ದೊಡ್ಡ ಲೀಕ್ ಸಣ್ಣದನ್ನು ಮುಚ್ಚಿಹಾಕುತ್ತದೆ. ಅದಕ್ಕೇ ದೊಡ್ಡದನ್ನು ಸರಿಮಾಡಿ ಇನ್ನೊಂದು ಸುತ್ತು ಹಾಕಿ.

ವೈಬ್ರೇಶನ್ ಮೀಟರ್ ಎಸೆಯಬೇಡಿ, ಅಲೈನ್‌ಮೆಂಟಿಗೆ ಅದೇ ಬೇಕು. ಕೊಟೇಶನ್ ಬಂದಾಗ ಫ್ರೀಕ್ವೆನ್ಸಿ ನೋಡಿ. ಮೆಗಾಹರ್ಟ್ಸ್ ಅಂತ ಬರೆದಿದ್ದರೆ ಅದು ಪೈಪಿನ ದಪ್ಪ ಅಳೆಯುವ, ಬಿರುಕು ಹುಡುಕುವ ಉಪಕರಣ, ನಿಮಗೆ ಬೇಕಾದದ್ದಲ್ಲ. ಬೇರಿಂಗಿಗೆ ತಾಗಿಸುವ ಪ್ರೋಬ್, ಲೀಕಿಗೆ ದೂರದಿಂದ ಹಿಡಿಯುವ ಸೆನ್ಸರ್ ಎರಡೂ ಇರಲಿ. ಡೆಮೊಗೆ ಬಂದವರನ್ನು ಕಾನ್ಫರೆನ್ಸ್ ರೂಮಿನಲ್ಲಿ ಕೂರಿಸದೆ, ನಿಮಗೆ ಜಾಸ್ತಿ ಅನುಮಾನ ಇರುವ ಮೋಟಾರ್ ಹತ್ತಿರ ಕರೆದುಕೊಂಡು ಹೋಗಿ. ಪಕ್ಕದಲ್ಲಿ ಅದೇ ಲೋಡಿನ ಚೆನ್ನಾಗಿರುವ ಮೋಟಾರ್ ಇದ್ದರೆ ಎರಡನ್ನೂ ಅಳೆಸಿ, ಹೆಡ್‌ಫೋನ್ ನೀವೇ ಹಾಕಿಕೊಂಡು ಕೇಳಿ.