ಗೇಜ್‌ನಲ್ಲಿ ಸಲೀಸು, ಚೇಂಬರ್‌ನಲ್ಲಿ ಬಿಗಿ

ಪ್ರಶ್ನೆ: 308 ವಿಂಚೆಸ್ಟರ್ ರೌಂಡ್‌ನ ಹೊಡೆದ ಕೇಸ್‌ಗೆ (ಹಿತ್ತಾಳೆ ಕೋಶ) ನಾನೇ ಮತ್ತೆ ಮದ್ದು, ಬುಲೆಟ್ ತುಂಬಿ ರೀಲೋಡ್ ಮಾಡ್ಕೋತೀನಿ, ಬೋಲ್ಟ್ ಆಕ್ಷನ್ ರೈಫಲ್. ಹೊಸದಾಗಿ ತಂದ ಕೇಸ್ ಗೇಜ್‌ನಲ್ಲಿ (ಅಳತೆ ನೋಡೋ ಅಚ್ಚು) ಎಲ್ಲಾ ರೌಂಡೂ ಸಲೀಸಾಗಿ ಇಳಿಯುತ್ತೆ, ಆದ್ರೆ ರೈಫಲ್‌ನ ಚೇಂಬರ್‌ಗೆ (ರೌಂಡ್ ಕೂರೋ ಜಾಗ) ಹಾಕಿದ್ರೆ ನಾಲ್ಕೈದರಲ್ಲಿ ಒಂದಕ್ಕೆ ಬೋಲ್ಟ್ ಬಿಗಿ ಬರುತ್ತೆ. ಗೇಜ್ ಬದಲಾಯಿಸ್ಬೇಕಾ?

ಉತ್ತರ: ಗೇಜ್ ಸರಿಯಾಗೇ ಇದೆ, ನೀವು ಕೇಳ್ತಿರೋದನ್ನ ಹೇಳೋಕೆ ಅದನ್ನ ಮಾಡಿಲ್ಲ ಅಷ್ಟೆ. ವಿಲ್ಸನ್ ತರದ ಕೇಸ್ ಗೇಜ್ ನೋಡೋದು ಎರಡೇ ವಿಷಯ, ಬುಡದಿಂದ ಶೋಲ್ಡರ್‌ವರೆಗಿನ (ಕತ್ತಿನ ಕೆಳಗಿನ ಇಳಿಜಾರು) ಅಳತೆ ಮತ್ತೆ ಕೇಸ್‌ನ ಒಟ್ಟು ಉದ್ದ. ಬುಡದ ಕಡೆ ಎರಡು ಮೆಟ್ಟಿಲು ಕೊರೆದಿರ್ತಾರಲ್ಲ, ಉಗುರು ಆಡಿಸಿ ನೋಡಿ, ಕೇಸ್ ಬುಡ ಆ ಎರಡರ ಮಧ್ಯೆ ನಿಂತ್ರೆ ಪಾಸು. ಮೈ ದಪ್ಪ ಇದೆಯಾ ಅಂತ ಅದು ನೋಡೋದೇ ಇಲ್ಲ, ಒಳಗೆ ಬೇಕಂತಲೇ ಸಡಿಲ ಬಿಟ್ಟಿರ್ತಾರೆ. ಮೈ ಪೂರ್ತಿ ನೋಡ್ಬೇಕು ಅಂದ್ರೆ ಚೇಂಬರ್ ಆಕಾರಕ್ಕೇ ಕೊರೆದ ಗೇಜ್ ಬೇರೆ ಸಿಗುತ್ತೆ, ಶೆರಿಡನ್‌ನವರದ್ದು ಆ ಜಾತಿ, ಅದರಲ್ಲಿ ಪಕ್ಕ ಸೀಳಿರೋದು ತಗೊಂಡ್ರೆ ಎಲ್ಲಿ ತಗಲ್ತಿದೆ ಅಂತ ಕಣ್ಣಿಗೇ ಕಾಣುತ್ತೆ.

ಆದ್ರೆ ದುಡ್ಡು ಹಾಕೋಕೆ ಮುಂಚೆ ಒಂದು ಕೆಲಸ ಮಾಡಿ. ಸೈಜ್ ಮಾಡಿದ (ಡೈ ಅನ್ನೋ ಅಚ್ಚಿಗೆ ಒತ್ತಿ ಅಳತೆಗೆ ತಂದ) ಖಾಲಿ ಕೇಸ್‌ಗಳನ್ನ, ಅಂದ್ರೆ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚೋ ಬುಡದ ಬಿಲ್ಲೆ) ಇಲ್ಲ ಮದ್ದಿಲ್ಲ, ಒಂದೊಂದಾಗಿ ಚೇಂಬರ್‌ಗೆ ಹಾಕಿ ಬೋಲ್ಟ್ ಮುಚ್ಚಿ. ಖಾಲಿಯಲ್ಲೇ ಬಿಗಿ ಬಂತು ಅಂದ್ರೆ ತಪ್ಪು ಮೈದು ಅಥವಾ ಶೋಲ್ಡರ್‌ದು. ಖಾಲಿ ಸಲೀಸಾಗಿ ಹೋಗಿ ಬುಲೆಟ್ ಕೂರಿಸಿದ ಮೇಲೆ ಬಿಗಿ ಅಂದ್ರೆ ಬುಲೆಟ್ ಮುಂದಕ್ಕೆ ಬಂದು ರೈಫ್ಲಿಂಗ್‌ಗೆ (ಬ್ಯಾರಲ್ ಒಳಗಿನ ಸುರುಳಿ ಗೆರೆಗಳು) ತಾಗ್ತಿದೆ, ಇಲ್ಲಾ ಕತ್ತು ದಪ್ಪ ಆಗಿದೆ. ಈ ಎರಡನೇ ಪರೀಕ್ಷೆಗೂ ಮದ್ದು ಪ್ರೈಮರ್ ಇಲ್ಲದ ಡಮ್ಮಿನೇ ಉಪಯೋಗಿಸಿ, ತುಂಬಿದ ರೌಂಡ್ ಬೇಡವೇ ಬೇಡ. ಬಿಗಿ ಬಂದಿದ್ದಕ್ಕೆ ಕಪ್ಪು ಮಾರ್ಕರ್ ಬಳಿದು, ಒಣಗಿಸಿ, ಮತ್ತೊಂದ್ಸಲ ಹಾಕಿ ತೆಗೀರಿ, ಮಸಿ ಎಲ್ಲಿ ಉಜ್ಜಿ ಹೋಗಿ ಹಿತ್ತಾಳೆ ಹೊಳೀತಿದೆಯೋ ಅಲ್ಲೇ ತಗಲ್ತಿರೋದು. ನನ್ನದು ಒಂದ್ಸಲ ಬುಡದ ಹತ್ರ ಉಂಗುರದ ತರ ಉಜ್ಜಿತ್ತು, ಬೇರೆ ರೈಫಲ್‌ನಲ್ಲಿ ಹೊಡೆದ ಕೇಸ್‌ಗಳು ಅವು, ಸ್ಮಾಲ್ ಬೇಸ್ ಡೈ (ಬುಡದ ಹತ್ರ ಇನ್ನಷ್ಟು ಒತ್ತೋದು) ಹಾಕಿದ ಮೇಲೆ ಸರಿಹೋಯ್ತು.

ಶೋಲ್ಡರ್‌ನಲ್ಲೇ ಉಜ್ಜಿದ್ರೆ ನಿಮಗೆ ಬೇಕಾಗಿರೋದು ವರ್ನಿಯರ್‌ಗೆ ಸಿಕ್ಕಿಸೋ ಹೆಡ್‌ಸ್ಪೇಸ್ ಕಂಪ್ಯಾರೇಟರ್ (ಬುಡದಿಂದ ಶೋಲ್ಡರ್‌ವರೆಗೆ ಅಳೆಯೋದು), ಒಂದೇ ಒಂದು ತಗೊಳ್ಳಿ ಅಂದ್ರೆ ನಾನು ಇದನ್ನೇ ಹೇಳೋದು, ಯಾಕಂದ್ರೆ ಪಾಸು ಫೇಲು ಅನ್ನದೆ ನಂಬರ್ ಕೊಡುತ್ತೆ. ನಿಮ್ಮದೇ ರೈಫಲ್‌ನಲ್ಲಿ ಹೊಡೆದ ಕೇಸ್‌ನಿಂದ ಹಳೇ ಪ್ರೈಮರ್ ತೆಗೆದು (ಅದು ಚೂರು ಉಬ್ಬಿದ್ರೂ ಅಳತೆ ಕೆಡುತ್ತೆ) ಅಳೀರಿ, ಸೈಜ್ ಮಾಡಿ ಮತ್ತೆ ಅಳೀರಿ. ಬೋಲ್ಟ್ ಆಕ್ಷನ್‌ಗೆ ಶೋಲ್ಡರ್ 1ರಿಂದ 2 ಥೌ (ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕೆ ಒಂದು ಥೌ) ಹಿಂದೆ ಹೋದ್ರೆ ಸಾಕು, ಸೆಮಿ ಆಟೋಗೆ 3ರಿಂದ 4. ಇರಲಿ ಅಂತ ಜಾಸ್ತಿ ತಳ್ಳಬೇಡಿ ದಯವಿಟ್ಟು, ಪ್ರತಿಸಲ ಹೊಡೆದಾಗಲೂ ಹಿತ್ತಾಳೆ ಎಳೆದು ಬುಡದ ಮೇಲೆ ಗೋಡೆ ತೆಳ್ಳಗಾಗುತ್ತೆ, ಹೊರಗೆ ಹೊಳೆಯೋ ಗೆರೆ ಬರುತ್ತೆ, ಆಮೇಲೆ ಒಂದಿನ ಕೇಸ್ ಚೇಂಬರ್ ಒಳಗೇ ಎರಡು ತುಂಡು. ಒಟ್ಟು ಉದ್ದಕ್ಕೆ ವರ್ನಿಯರೇ ಸಾಕು, 308ಕ್ಕೆ 2.015 ಇಂಚು ಮೇಲಿನ ಮಿತಿ, ಟ್ರಿಮ್ 2.005ಕ್ಕೆ.

ಪ್ರಶ್ನೆ: 9 ಎಂಎಂಗೂ ಕಂಪ್ಯಾರೇಟರ್ ಬೇಕಾ?

ಉತ್ತರ: ಬೇಡ. ಅದಕ್ಕೆ ಶೋಲ್ಡರೇ ಇಲ್ಲ, ಚೇಂಬರ್‌ನಲ್ಲಿ ಬಾಯಿ ಅಂಚಿನ ಮೇಲೆ ನಿಲ್ಲುತ್ತೆ. ಪೂರ್ತಿ ಮೈ ನೋಡೋ ಗೇಜ್ ತಗೊಳ್ಳಿ, ಅಥವಾ ಪಿಸ್ತೂಲಿನಿಂದ ಬಿಚ್ಚಿದ ಬ್ಯಾರಲ್ಲೇ ಗೇಜ್. ರೌಂಡ್ ಬಿಟ್ರೆ ಟಣ್ ಅಂತ ಕೂರ್ಬೇಕು, ಬೆರಳಲ್ಲಿ ತಿರುಗಿಸಿದ್ರೆ ತಿರುಗ್ಬೇಕು, ಬ್ಯಾರಲ್ ಬೋರಲು ಹಾಕಿದ್ರೆ ತಾನಾಗೇ ಬೀಳ್ಬೇಕು. ಗೇಜ್‌ನಲ್ಲಿ ಸಿಕ್ಕಿಕೊಂಡ್ರೆ ತಿರುಗಿಸಿ ಬುಡ ಮುಂದೆ ಮಾಡಿ ಹಾಕಿ ನೋಡಿ. ಬುಡವೂ ಹೋಗಲ್ಲ ಅಂದ್ರೆ ಎಕ್ಸ್‌ಟ್ರ್ಯಾಕ್ಟರ್ (ಕೇಸ್ ಹೊರಗೆಳೆಯೋ ಕೊಕ್ಕೆ) ಕಿತ್ತು ರಿಮ್‌ನಲ್ಲಿ ಮುಳ್ಳು ಎದ್ದಿರಬಹುದು, ಡೈ ಮುಟ್ಟೋಕೆ ಹೋಗ್ಬೇಡಿ.

ಪ್ರಶ್ನೆ: ಗೋ, ನೋ-ಗೋ ಗೇಜ್?

ಉತ್ತರ: ಅದು ಬಂದೂಕಿನ ಚೇಂಬರ್ ಅಳೆಯೋಕೆ. ಬ್ಯಾರಲ್ ಬದಲಾಯಿಸಿದಾಗ ಬೇಕಾಗುತ್ತೆ, ರೌಂಡ್ ಪರೀಕ್ಷೆಗೆ ಅಲ್ಲ.